ನೆರೂಡನನ್ನು ಓದೋಣ, ಹೊತ್ತು ಮೆರೆಸುವುದು ಬೇರೆ ಮಾತು

ಚಿಲಿಯ ಕವಿ ಪಾಬ್ಲೊ ನೆರೂಡ ಸತ್ತು 50 ವರ್ಷ ದಾಟಿದೆ. ಚಿಲಿ ದೇಶಕ್ಕೆ ಮಾತ್ರ ಅವನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಅವನ ಸಾವಿನ ತನಿಖೆಯನ್ನು ಮತ್ತೆ ತೆರೆಯಬೇಕೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಆದೇಶ ಮಾಡಿತು. ಅದಕ್ಕೂ ಮೊದಲು, 2018ರಲ್ಲಿ, ಸ್ಯಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಡುವ ಮಾತು ಬಂದಾಗ ಸ್ತ್ರೀವಾದಿಗಳು ಸುತರಾಂ ಬೇಡ ಎಂದರು. ಅವನನ್ನು ಯಾರಾದರೂ ಕೊಂದರಾ ಎಂದು ಕೇಳುತ್ತಿರುವ ದೇಶವೇ, ಅವನು ಏನು ಮಾಡಿದ್ದ ಎಂದೂ ಕೇಳುತ್ತಿದೆ.

ಇದಕ್ಕೂ ನಮ್ಮ ಹಾಸನಕ್ಕೂ ಎಲ್ಲಿಯ ನಂಟು ಅಂತೀರಾ? ನಂಟು ಕಟ್ಟಿದ್ದು ನಾನಲ್ಲ, ನೆರೂಡನೇ. ಕೊಲಂಬೊದಲ್ಲಿ ತಾನು ಕಂಡ ಒಬ್ಬ ಹೆಂಗಸಿನ ಮೈಯನ್ನು ಆತ್ಮಕಥೆಯಲ್ಲಿ ವರ್ಣಿಸುತ್ತಾ, ದಕ್ಷಿಣ ಭಾರತದ ಸಾವಿರ ವರ್ಷದ ಶಿಲ್ಪಗಳ ಹಾಗಿದ್ದಳು ಎಂದು ಅವನು ಬರೆಯುತ್ತಾನೆ. ಸ್ಕೂಲ್ ಟ್ರಿಪ್ಪಿನಿಂದ ಹಿಡಿದು ನೆಂಟರು ಬಂದಾಗಲೆಲ್ಲ ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿಕೊಂಡೇ ಬೆಳೆದವರು ನಾವು. ಆ ಸಾಲು ನಮಗೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಅದರ ಮುಂದಿನ ಸಾಲುಗಳನ್ನು ಓದಿದರೆ ಹೊಟ್ಟೆ ತೊಳಸುತ್ತದೆ.

ಅಲ್ಲಿ ನಡೆದದ್ದು ಇಷ್ಟು. 1929. ನೆರೂಡನಿಗೆ 25ರ ಆಸುಪಾಸು. ರಂಗೂನಿನಿಂದ ಬಂದು ಕೊಲಂಬೊದಲ್ಲಿ ಚಿಲಿ ಸರ್ಕಾರದ ಪ್ರತಿನಿಧಿ, ಅಂದರೆ ಕಾನ್ಸುಲ್ ಆಗಿದ್ದಾನೆ. ವೆಲ್ಲವತ್ತೆಯಲ್ಲಿ, ಸಮುದ್ರದ ಪಕ್ಕ ಒಂಟಿ ಮನೆ. ಕಕ್ಕಸು ಮನೆಯಿಂದ ದೂರದಲ್ಲಿತ್ತು. ಅದರ ಬಕೆಟ್ಟು ದಿನಾ ಬೆಳಗಾಗುವಷ್ಟರಲ್ಲಿ ಖಾಲಿಯಾಗಿರುತ್ತಿತ್ತು. ಹೇಗೆ ಅಂತ ಅವನಿಗೆ ಗೊತ್ತಿರಲಿಲ್ಲ. ಒಂದು ದಿನ ಬೇಗ ಎದ್ದು ನೋಡಿದಾಗ ಗೊತ್ತಾಯಿತು. ತಮಿಳು ಹೆಂಗಸು, ಮುಟ್ಟಿಸಿಕೊಳ್ಳದ ಜಾತಿಯವಳು, ಅಗ್ಗದ ಸೀರೆ, ಕಾಲಿಗೆ ಕಡಗ. ತಲೆ ಮೇಲೆ ಮಲದ ಬಕೆಟ್ಟು. ಅವನು ಅವಳ ದಾರಿಯಲ್ಲಿ ಹಣ್ಣೋ ರೇಷ್ಮೆ ಬಟ್ಟೆಯೋ ಇಡತೊಡಗಿದ. ಅವಳು ತಿರುಗಿಯೂ ನೋಡಲಿಲ್ಲ. ಒಂದು ಬೆಳಗ್ಗೆ ಅವನು ಅವಳ ಮಣಿಕಟ್ಟು ಹಿಡಿದ. ಅವಳನ್ನು ಒಳಗೆ ಕರೆದುಕೊಂಡು ಹೋದ. ಅಷ್ಟು ಹೊತ್ತೂ ಅವಳು ಕಣ್ಣು ಅಗಲಿಸಿಕೊಂಡೇ ಇದ್ದಳು, ಏನೂ ಸ್ಪಂದಿಸಲಿಲ್ಲ, ಅದು ಮನುಷ್ಯ ಮತ್ತು ಪ್ರತಿಮೆಯ ಭೇಟಿಯ ಹಾಗಿತ್ತು, ಅವಳು ನನ್ನನ್ನು ತಿರಸ್ಕರಿಸಿದ್ದು ಸರಿಯಾಗಿತ್ತು, ಮತ್ತೆ ಹಾಗೆ ಆಗಲಿಲ್ಲ ಎಂದು ಅವನೇ ಬರೆದುಕೊಂಡಿದ್ದಾನೆ.

ಇದನ್ನು ಪ್ರಸಂಗ, ಅನುಭವ ಎಂದೆಲ್ಲ ಕರೆಯಬೇಕಿಲ್ಲ. ಇದು ಅತ್ಯಾಚಾರ.

ಈ ಪುಟವನ್ನು ಯಾರೋ ಪತ್ತೇದಾರರು ಅಟ್ಟದಿಂದ ಇಳಿಸಿದ್ದಲ್ಲ ಎಂಬುದನ್ನು ಗಮನಿಸಿ. ನೆರೂಡ ತೀರಿಕೊಂಡಿದ್ದು 1973ರ ಸೆಪ್ಟೆಂಬರ್ 23ಕ್ಕೆ. ಆತ್ಮಕಥೆಯನ್ನು ಅವನ ಹೆಂಡತಿ ಮಟಿಲ್ಡೆ ಉರ್ರುತಿಯಾ ಮತ್ತು ವೆನಿಜುವೆಲಾದ ಲೇಖಕ ಮಿಗೆಲ್ ಒಟೆರೊ ಸಿಲ್ವಾ ಸೇರಿ ಅಚ್ಚಿಗೆ ಸಿದ್ಧ ಮಾಡಿದರು. ಅದು 1974ರಲ್ಲಿ ಬಂತು. 1977ರಲ್ಲಿ ಇಂಗ್ಲಿಷಿಗೂ ಬಂತು. ಜಗತ್ತಿನ ಸಾವಿರಾರು ಜನ ಓದಿದರು. ನಮ್ಮಲ್ಲೂ ಓದಿದರು. ಆದರೆ ಆ ಪುಟದ ಬಗ್ಗೆ ಜೋರು ದನಿ ಎದ್ದಿದ್ದು ಸುಮಾರು 40 ವರ್ಷ ಆದ ಮೇಲೆ.

ಯಾಕೆ ಇಷ್ಟು ತಡ? ನನಗೆ ತೋಚುವ ಕಾರಣ ಸರಳ. ಆತ್ಮಕಥೆ ಓದುವಾಗ ನಾವು ಬರೆದವನ ಪಕ್ಕ ಕೂತುಬಿಡುತ್ತೇವೆ. ಅವನ ಒಂಟಿತನ ನಮ್ಮದಾಗುತ್ತದೆ, ಅವನ ಸಮುದ್ರ ನಮ್ಮದಾಗುತ್ತದೆ. ಬಕೆಟ್ಟು ಹೊತ್ತವಳು ಕಥೆಯೊಳಗೆ ಬಂದು ಹೋದ ಬಣ್ಣದ ಸೀರೆಯಾಗಿ ಉಳಿಯುತ್ತಾಳೆ. 2018ರಲ್ಲಿ ಚಿಲಿಯ ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಸ್ತ್ರೀವಾದಿ ಚಳವಳಿ ನಡೆಯಿತು. ಆಗ ಅದೇ ಪುಟವನ್ನು ಅವಳ ಪಕ್ಕ ಕೂತು ಓದುವವರು ಹೆಚ್ಚಾದರು. ಪುಟ ಅದೇ. ಒಂದಕ್ಷರವೂ ಬದಲಾಗಿರಲಿಲ್ಲ.

ಕರ್ನಾಟಕದವರಿಗೆ ಅವಳ ಪಕ್ಕ ಕೂರುವುದು ಇನ್ನೂ ಸುಲಭ ಆಗಬೇಕಿತ್ತು. ನೆರೂಡ ಸತ್ತ ವರ್ಷವೇ, 1973ರ ನವೆಂಬರ್‌ನಲ್ಲಿ, ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಜಾಸ್ತಿ ಇರುವುದು ಬೂಸಾ ಎಂಬರ್ಥದ ಮಾತಾಡಿದರು. ರಾಜ್ಯವೇ ಹೊತ್ತಿಕೊಂಡಿತು. ಅವರ ಮಂತ್ರಿ ಪದವಿ ಹೋಯಿತು. ಅದರ ಬಿಸಿಯಿಂದಲೇ ಮುಂದೆ ದಲಿತ ಚಳವಳಿ ಮೈಪಡೆಯಿತು. ಬೂಸಾ ಗಲಾಟೆ ಎಲ್ಲರಿಗೂ ನೆನಪಿದೆ. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಲು ಮುಂದಾದ ಪೌರಾಡಳಿತ ಸಚಿವರೂ ಅವರೇ ಎಂಬುದನ್ನು ನೆನಪಿಟ್ಟವರು ಕಡಿಮೆ. ದೇಶದ ಮಟ್ಟದಲ್ಲಿ ಕಾಯ್ದೆ ಬಂದಿದ್ದು 1993ರಲ್ಲಿ, ಮತ್ತೊಂದು 2013ರಲ್ಲಿ. ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಅಂದರೆ ಕೊಲಂಬೊದ ಆ ಹೆಂಗಸು ನಮಗೆ ದೂರದವಳಲ್ಲ. ಸಾಹಿತ್ಯ ಬೂಸಾನಾ ಅಲ್ವಾ ಎಂದು ಬೀದಿಯಲ್ಲಿ ಜಗಳ ಆಡಿದ ನಾಡಿನಲ್ಲಿ, ಆ ಪುಟವನ್ನು ಯಾರಾದರೂ ಗಟ್ಟಿಯಾಗಿ ಓದಿದ್ದರೆ ಬೇರೆಯೇ ಚರ್ಚೆ ಆಗುತ್ತಿತ್ತೇನೋ. ಆಗಲಿಲ್ಲ. ಬಂಡಾಯದ ಕಾಲದ ನಮ್ಮ ಹುಡುಗರಿಗೆ ನೆರೂಡ ಬಡವರ ಕವಿ, ಸರ್ವಾಧಿಕಾರಿಗೆ ಹೆದರದವನು. ಅದೂ ಸುಳ್ಳಲ್ಲ.

ಸುಳ್ಳಲ್ಲ ಎಂಬುದೇ ಇಲ್ಲಿನ ತೊಡಕು. 1939ರಲ್ಲಿ ಸ್ಪೇನ್‌ನ ಅಂತರ್ಯುದ್ಧದಲ್ಲಿ ಸೋತು ಫ್ರಾನ್ಸಿನ ಶಿಬಿರಗಳಲ್ಲಿ ಕೊಳೆಯುತ್ತಿದ್ದ 2,000ಕ್ಕೂ ಹೆಚ್ಚು ಜನರನ್ನು ವಿನಿಪೆಗ್ ಎಂಬ ಹಡಗು ಹತ್ತಿಸಿ ಚಿಲಿಗೆ ಕಳಿಸಿದವನು ಇದೇ ನೆರೂಡ. ಸೆನೆಟರ್ ಆಗಿದ್ದಾಗ ಸರ್ಕಾರವನ್ನು ಎದುರು ಹಾಕಿಕೊಂಡು, ತಲೆಮರೆಸಿಕೊಂಡು, 1949ರಲ್ಲಿ ಕುದುರೆ ಮೇಲೆ ಆಂಡಿಸ್ ದಾಟಿದವನೂ ಇವನೇ. 1971ರಲ್ಲಿ ನೊಬೆಲ್ ಬಂತು. 1973ರ ಸೆಪ್ಟೆಂಬರ್ 11ರಂದು ಸೇನೆ ಅಧಿಕಾರ ಕಿತ್ತುಕೊಂಡಿತು, 12 ದಿನಕ್ಕೆ ಅವನು ತೀರಿಕೊಂಡ. ಸೈನಿಕರು ಸುತ್ತ ನಿಂತಿದ್ದರೂ ಜನ ಅವನ ಶವದ ಹಿಂದೆ ಘೋಷಣೆ ಕೂಗುತ್ತಾ ನಡೆದರು. ಇಂಥವನ ವಿಷಯದಲ್ಲಿ ‘ಕೆಟ್ಟವನು’ ಎಂದು ಚೀಟಿ ಅಂಟಿಸಿ ಪುಸ್ತಕ ಮುಚ್ಚಿದರೆ ಓದುಗನಿಗೆ ಕೆಲಸ ಹಗುರವಾಗುತ್ತದೆ, ಅಷ್ಟೆ.

ಹಾಸನದಲ್ಲಿ ನಾವೊಂದಿಷ್ಟು ಜನ ಆಗಾಗ ಮಹಾರಾಜ ಪಾರ್ಕಿನಲ್ಲಿ ಸೇರಿ ಕವಿತೆ ಓದುತ್ತೇವೆ. ಮೇಷ್ಟ್ರು, ಬ್ಯಾಂಕಿನವರು, ಒಬ್ಬಿಬ್ಬರು ಕಾಲೇಜು ಹುಡುಗಿಯರು, ಸಕಲೇಶಪುರದ ಕಡೆಯ ಒಬ್ಬ ಕಾಫಿ ಬೆಳೆಗಾರರು. ನೆರೂಡನ ಮಾತು ಬಂದರೆ ಅಲ್ಲಿ ಎರಡು ಗುಂಪು. ಹಿರಿಯರೊಬ್ಬರ ವಾದ ಲಕ್ಷ್ಮೀಶನ ಮೇಲೆ ನಿಂತಿದೆ. ಕಡೂರು ತಾಲೂಕಿನ ದೇವನೂರಿನ ಲಕ್ಷ್ಮೀಶ ಜೈಮಿನಿ ಭಾರತ ಬರೆದ. ಅವನ ಕಾಲ ಯಾವುದು, ಮತ ಯಾವುದು ಅಂತ ವಿದ್ವಾಂಸರು ಇವತ್ತಿಗೂ ಜಗ್ಗಾಡುತ್ತಾರೆ. ಊರ ದೇವರು ಲಕ್ಷ್ಮೀರಮಣನ ಹೆಸರು ಹೇಳುತ್ತಾನೆ, ಅಪ್ಪನ ಹೆಸರು ಹೇಳುತ್ತಾನೆ, ಮುಗಿಯಿತು. ಮನೆಯಲ್ಲಿ ಹೆಂಡತಿಯನ್ನು ಹೇಗೆ ನೋಡಿಕೊಂಡ, ಗೊತ್ತಾ? ಗೊತ್ತಿಲ್ಲದೆಯೂ ಸೀತೆಯನ್ನು ಕಾಡಿಗಟ್ಟುವ ಭಾಗಕ್ಕೆ ಹಳ್ಳಿ ಹಳ್ಳಿಯಲ್ಲಿ ಜನ ಅತ್ತರಲ್ಲ? ಕವಿತೆ ಸಾಕು, ಕವಿಯ ಮನೆ ಬಾಗಿಲು ತಟ್ಟುವುದು ಯಾಕೆ?

ಕೇಳೋಕೆ ಚೆನ್ನಾಗಿದೆ. ಆದರೆ ಎರಡು ಕಡೆ ಜಾರುತ್ತದೆ. ಲಕ್ಷ್ಮೀಶನ ಬದುಕು ನಮಗೆ ಗೊತ್ತಿಲ್ಲ, ನೆರೂಡನದು ಗೊತ್ತಿದೆ. ಗೊತ್ತಿಲ್ಲದೆ ಓದುವುದೂ, ಗೊತ್ತಿದ್ದದ್ದನ್ನು ಪಕ್ಕಕ್ಕೆ ತಳ್ಳಿ ಓದುವುದೂ ಒಂದೇ ಆಗುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಲಕ್ಷ್ಮೀಶ ಹೇಳಿದ್ದು ಪಾಂಡವರ ಕಥೆ, ಚಂದ್ರಹಾಸನ ಕಥೆ. ಅವನ ಕಾವ್ಯ ನಿಂತಿರುವುದು ಅವನ ಸ್ವಂತ ಬದುಕಿನ ಮೇಲಲ್ಲ. ನೆರೂಡನ ಬಂಡವಾಳವೇ ‘ನಾನು’. ನನ್ನ ಪ್ರೀತಿ, ನನ್ನ ಒಂಟಿತನ, ನನ್ನ ಜನ, ನನ್ನ ಸಮುದ್ರ. 20 ಪ್ರೇಮ ಕವಿತೆಗಳ ಆ ಹೆಸರಾಂತ ಸಂಕಲನ ಬಂದಾಗ, 1924ರಲ್ಲಿ, ಅವನಿಗೆ 20ರ ಆಸುಪಾಸು. ಅಲ್ಲಿಂದ ಕೊನೆಯವರೆಗೂ ತನ್ನ ಬದುಕನ್ನೇ ನಮ್ಮ ಮುಂದೆ ಹರಡಿದವನು ಅವನು. ಬಾಗಿಲು ತೆರೆದಿಟ್ಟವನು ಅವನೇ. ಒಳಗೆ ಬಂದವರಿಗೆ ಈ ಕೋಣೆ ಮಾತ್ರ ನೋಡಬೇಡಿ ಎಂದು ನಾವು ಯಾಕೆ ಕಾವಲು ನಿಲ್ಲಬೇಕು?

ಇಲ್ಲೊಂದು ಸಣ್ಣ ಸಂಗತಿ, ವಾದಕ್ಕೆ ಬೇಕಾದ್ದಲ್ಲ, ಆದರೂ ಹೇಳಿಬಿಡುತ್ತೇನೆ. ನೆರೂಡ ಹುಟ್ಟಿದ್ದು 1904ರ ಜುಲೈನಲ್ಲಿ. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಕುವೆಂಪು ಹುಟ್ಟಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಇಬ್ಬರೂ ಮಳೆಕಾಡಿನ ಮಕ್ಕಳು. ತಾನು ಬೆಳೆದ ಊರು ತೆಮುಕೊದ ಮಳೆಯ ಬಗ್ಗೆ ನೆರೂಡ ಬರೆದದ್ದನ್ನು ಓದಿದರೆ ಆಷಾಢದ ಮಲೆನಾಡು ನೆನಪಾಗದೆ ಇರದು. ನಮ್ಮ ಕಡೆಯವರಿಗೆ ಅವನು ಬೇಗ ಹತ್ತಿರವಾಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಖಾಸಗಿ ಬದುಕು ಅಂದಾಗ ಎಲ್ಲವನ್ನೂ ಒಂದೇ ಮೂಟೆಯಲ್ಲಿ ಕಟ್ಟುವುದು ಈ ಚರ್ಚೆಯ ದೊಡ್ಡ ತಪ್ಪು. ನೆರೂಡನಿಗೆ ಮೂರು ಮದುವೆ. ಡಚ್ ಮೂಲದ ಮರಿಯಾ ಹಾಗೆನಾರ್ ಜತೆ 1930ರಲ್ಲಿ ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತಾದಲ್ಲಿ. ಆಮೇಲೆ ಅವನಿಗಿಂತ ಸುಮಾರು 20 ವರ್ಷ ದೊಡ್ಡವಳಾದ ಡೆಲಿಯಾ ಡೆಲ್ ಕರ‍್ರಿಲ್. ಡೆಲಿಯಾ ಜತೆ ಇರುವಾಗಲೇ ಮಟಿಲ್ಡೆ. ಮಟಿಲ್ಡೆಗಾಗಿ ಬರೆದ ಕವಿತೆಗಳು 1952ರಲ್ಲಿ ನೇಪಲ್ಸ್‌ನಲ್ಲಿ ಕವಿಯ ಹೆಸರೇ ಇಲ್ಲದೆ ಅಚ್ಚಾದವು. ಡೆಲಿಯಾಗೆ ನೋವಾಗದಿರಲಿ ಎಂದು ಹಾಗೆ ಮಾಡಿದ್ದು. ಇದೆಲ್ಲ ದೊಡ್ಡವರ ನಡುವಿನ ವ್ಯವಹಾರ. ಯಾರು ಸರಿ, ಯಾರು ತಪ್ಪು ಎಂದು ಅವರವರೇ ಬಡಿದಾಡಿಕೊಂಡರು. ನಮಗೆ ಅದು ಬರೀ ಸುದ್ದಿ. ಸುಮ್ನೆ ಕಾಫಿ ಕುಡೀತಾ ಮಾತಾಡಬಹುದು, ತೀರ್ಪು ಕೊಡುವ ಹಕ್ಕು ನಮಗಿಲ್ಲ.

ಮಗಳ ವಿಷಯ ಹಾಗಲ್ಲ. ಮಾಲ್ವಾ ಮರೀನಾ 1934ರ ಆಗಸ್ಟ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದಳು. ತಲೆಯಲ್ಲಿ ನೀರು ತುಂಬುವ ಕಾಯಿಲೆ. ಮಗುವನ್ನು ಒಂದು ಕಾಗದದಲ್ಲಿ ನೆರೂಡ ನಗೆಪಾಟಲಿನ ಜೀವ, ಮೂರು ಕಿಲೋದ ರಕ್ತಪಿಶಾಚಿ ಎಂಬಂತೆ ಬಣ್ಣಿಸಿದ. 1936ರಲ್ಲಿ ಗಂಡ ಹೆಂಡತಿ ಬೇರೆಯಾದರು. ತಾಯಿ ಮಗುವನ್ನು ನೆದರ್‌ಲೆಂಡ್ಸ್‌ಗೆ ಕರೆದುಕೊಂಡು ಹೋದಳು, ಗೌಡಾ ಪಟ್ಟಣದ ಒಂದು ಕುಟುಂಬದ ಬಳಿ ಬಿಟ್ಟಳು, ಮಗುವಿನ ಖರ್ಚಿಗೆ ದುಡ್ಡು ಕೇಳಿ ಅವನಿಗೆ ಬರೆದಳು. 1943ರ ಮಾರ್ಚ್‌ನಲ್ಲಿ, ನಾಜಿಗಳ ಹಿಡಿತದಲ್ಲಿದ್ದ ಆ ದೇಶದಲ್ಲಿ, ಎಂಟು ವರ್ಷದ ಮಗು ಸತ್ತಿತು. ಅಪ್ಪ ಆಗ ಮೆಕ್ಸಿಕೊದಲ್ಲಿ ಕಾನ್ಸುಲ್ ಜನರಲ್. ಮನೆಯೊಳಗಿನ ಕಾಯಿಲೆಯ ಬಗ್ಗೆ ಅವನ ಒಂದು ಕವಿತೆ ಇದೆ ನಿಜ. ಆದರೆ ಅಷ್ಟು ದಪ್ಪದ ಆತ್ಮಕಥೆಯಲ್ಲಿ ಅವಳ ಹೆಸರಿಲ್ಲ. ಅವಳು ಹುಟ್ಟಿದಾಗ ಗೆಳೆಯ ಗಾರ್ಸಿಯಾ ಲೋರ್ಕಾ ಒಂದು ಕವಿತೆ ಬರೆದಿದ್ದ. ಲೋಕದ ಉಪ್ಪು, ಈರುಳ್ಳಿ, ಕಾಲುಚೀಲಕ್ಕೆಲ್ಲ ಹಾಡು ಕಟ್ಟಿದ ಅಪ್ಪ ತನ್ನ ಕಥೆಯಿಂದ ಅವಳನ್ನು ಬಿಟ್ಟುಬಿಟ್ಟ.

ಕೊಲಂಬೊದ ವಿಷಯ ಇನ್ನೂ ಬೇರೆ ಜಾತಿಯದು. ಅಲ್ಲಿ ಎದುರಿಗಿದ್ದವಳಿಗೆ ಕಾಗದ ಬರೆಯುವ ದಾರಿಯೂ ಇರಲಿಲ್ಲ. ಅವನು ಬಿಳಿಯ ದೊರೆಗಳ ಜತೆ ಊಟಕ್ಕೆ ಕೂರುವ ಕಾನ್ಸುಲ್. ಅವಳು ಕಕ್ಕಸು ತೊಳೆಯುವವಳು. ದೂರು ಕೊಡಲು ಠಾಣೆಗೆ ಹೋಗಿದ್ದರೆ ಒಳಗೆ ಬಿಡುತ್ತಿದ್ದರಾ ಅನ್ನೋದೇ ಪ್ರಶ್ನೆ. ಒಬ್ಬನ ‘ಖಾಸಗಿ’ಗೆ ಇನ್ನೊಬ್ಬರ ಮೈಯನ್ನು ಬಲವಂತವಾಗಿ ಎಳೆದು ತಂದ ಮೇಲೆ ಅದು ಅವನೊಬ್ಬನ ಖಾಸಗಿಯಾಗಿ ಉಳಿಯುವುದಿಲ್ಲ.

ಎದುರು ಉದಾಹರಣೆ ಅದೇ ದೇಶದಲ್ಲಿದೆ. ಗೇಬ್ರಿಯೆಲಾ ಮಿಸ್ಟ್ರಲ್. ಲ್ಯಾಟಿನ್ ಅಮೆರಿಕಕ್ಕೆ ಮೊದಲ ಸಾಹಿತ್ಯ ನೊಬೆಲ್ ತಂದವಳು, 1945ರಲ್ಲಿ. ತೆಮುಕೊದಲ್ಲಿ ಶಾಲೆಯ ಮುಖ್ಯಸ್ಥೆಯಾಗಿದ್ದಾಗ ಹುಡುಗ ನೆರೂಡನ ಕೈಗೆ ರಷ್ಯನ್ ಕಾದಂಬರಿ ಕೊಟ್ಟವಳೂ ಅವಳೇ. ಅವಳು ಡೋರಿಸ್ ಡೇನಾಗೆ ಬರೆದ ಕಾಗದಗಳು 2009ರಲ್ಲಿ ಪುಸ್ತಕವಾದವು. ಇಬ್ಬರು ಹೆಂಗಸರ ನಡುವಿನ ಪ್ರೀತಿ ಆಗ ಎಲ್ಲರ ಮುಂದೆ ಬಂತು. ಅಲ್ಲಿಯವರೆಗೆ ಮಿಸ್ಟ್ರಲ್ ಎಂದರೆ ಮಕ್ಕಳ ಹಾಡು ಬರೆದ, ಮದುವೆಯಾಗದ ಟೀಚರಮ್ಮ ಎಂದಷ್ಟೇ ಚಿಲಿ ಕಲಿಸಿತ್ತು. ಅವಳ ಪ್ರೀತಿಯಿಂದ ಲೋಕಕ್ಕೆ ಯಾವ ನಷ್ಟವೂ ಆಗಿರಲಿಲ್ಲ. ಅದು ನಿಜಕ್ಕೂ ಖಾಸಗಿ. ಲೋಕದ ಬಾಯಿಗೆ ಹೆದರಿ ಅದನ್ನು ಮುಚ್ಚಿಟ್ಟುಕೊಂಡು ಬಾಳಿದವಳು ಅವಳು. ನೆರೂಡ ತನ್ನದನ್ನು ಸಮುದ್ರ, ಮುಂಗುಸಿಗಳ ಕಥೆಯ ನಡುವೆ ಒಂದು ಪುಟವಾಗಿ ಸೇರಿಸಿ ಮುಂದಕ್ಕೆ ಹೋದ. ಮುಚ್ಚಿಡುವ ಅಗತ್ಯವೇ ಅವನಿಗೆ ಕಾಣಲಿಲ್ಲ ಎಂಬುದು ನನ್ನನ್ನು ಜಾಸ್ತಿ ಕಾಡುತ್ತದೆ.

ಇನ್ನು ಕವಿತೆಯ ಮಾತು. ನೆರೂಡನ 20 ಪ್ರೇಮ ಕವಿತೆಗಳಲ್ಲಿ 15ನೆಯದು ಎಲ್ಲರಿಗೂ ಬಾಯಿಪಾಠ. ನೀನು ಮೌನವಾಗಿದ್ದಾಗ, ಇಲ್ಲೇ ಇಲ್ಲದವಳಂತಿದ್ದಾಗ ನನಗಿಷ್ಟ ಎಂಬ ಭಾವದ್ದು. ಎಷ್ಟೋ ಪ್ರೇಮಿಗಳು ಅದನ್ನು ನಕಲು ಮಾಡಿ ಕೊಟ್ಟಿದ್ದಾರೆ. ಚಿಲಿಯ ಹುಡುಗಿಯರು ಅದಕ್ಕೆ ಉತ್ತರವಾಗಿ, ನೆರೂಡ, ನೀನೇ ಬಾಯಿಮುಚ್ಚು ಎಂದು ಬರೆದುಕೊಂಡು ಬಂದರು. ಅದನ್ನು ಬರೀ ಘೋಷಣೆ ಎಂದು ತಳ್ಳಬೇಡಿ. ಅದೊಂದು ಒಳ್ಳೆಯ ವಿಮರ್ಶೆ. ಮಾತಾಡದ ಹೆಣ್ಣು, ದೂರದ ಹೆಣ್ಣು, ಕವಿ ತುಂಬಿಸಿದಷ್ಟೇ ಅರ್ಥ ತುಂಬಿಕೊಳ್ಳುವ ಹೆಣ್ಣು ಈ ಪ್ರೇಮ ಕಾವ್ಯದಲ್ಲಿ ಮತ್ತೆ ಮತ್ತೆ ಬರುತ್ತಾಳೆ. ಕೊಲಂಬೊದ ಪುಟದಲ್ಲಿ ಅದೇ ಹೆಣ್ಣು ಪ್ರತಿಮೆಯಾಗಿದ್ದಾಳೆ. ಆ ಮೌನಕ್ಕೆ ಸೌಂದರ್ಯ ಎಂದು ಹೆಸರಿಟ್ಟು ಅಭ್ಯಾಸವಾದವನಿಗೆ, ಬಿಟ್ಟ ಕಣ್ಣಿನ ಮೌನ ಏನು ಹೇಳುತ್ತಿದೆ ಎಂದು ಆ ಗಳಿಗೆಯಲ್ಲಿ ಕೇಳಿಸಲಿಲ್ಲ. ಬರೆಯುವಾಗ ಕೇಳಿಸಿತು, ಒಂದೇ ಒಂದು ವಾಕ್ಯದಷ್ಟು. ಬದುಕು ಗೊತ್ತಾದ ಮೇಲೆ ಕವಿತೆ ಹಾಳಾಗುತ್ತದೆ ಎಂಬುದು ನಮ್ಮ ಬಳಗದ ಹಿರಿಯರ ಭಯ. ನನಗೆ ಈ ಕವಿತೆ ಹಾಳಾಗಲಿಲ್ಲ. ಮೊದಲು ಕಾಣದ ಒಂದು ಬಿರುಕು ಕಂಡಿತು.

ಬೇಲೂರಿನ ಮಾತು ಎತ್ತಿದ್ದಕ್ಕೆ ಇದನ್ನೂ ಸೇರಿಸಬೇಕು. 1117ರ ಆ ಗುಡಿಯ ಮದನಿಕೆಯರ ಕೆಳಗೆ ಶಿಲ್ಪಿಗಳ ಹೆಸರು ಕೆತ್ತಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಕಲ್ಲಾದವಳು ಯಾರು ಎಂದರೆ ಗೈಡುಗಳು ಶಾಂತಲೆಯ ಕಥೆ ಹೇಳುತ್ತಾರೆ, ಕೆತ್ತನೆ ಏನೂ ಹೇಳುವುದಿಲ್ಲ. ಅದು ಕಲ್ಲು, ತೊಂದರೆಯಿಲ್ಲ. ಕೊಲಂಬೊದಲ್ಲಿದ್ದವಳು ಕಲ್ಲಾಗಿರಲಿಲ್ಲ.

ಹಾಗಾದರೆ ಏನು ಮಾಡೋದು? ಓದುವುದು, ಪಾಠ ಮಾಡುವುದು, ಮೆರೆಸುವುದು ಬೇರೆ ಬೇರೆ ಕೆಲಸ. ಓದಲು ಯಾರ ಅಪ್ಪಣೆಯೂ ಬೇಕಿಲ್ಲ. ಚಿಲಿಯ ಸಂಸತ್ತಿನ ಸಂಸ್ಕೃತಿ ಸಮಿತಿ 2018ರ ನವೆಂಬರ್‌ನಲ್ಲಿ ಒಪ್ಪಿಕೊಂಡದ್ದು ಮೆರೆಸುವ ಕೆಲಸವನ್ನು. ದೇಶದ ಬಾಗಿಲಾದ ವಿಮಾನ ನಿಲ್ದಾಣಕ್ಕೆ, ಎಲ್ಲರ ದುಡ್ಡಿನಲ್ಲಿ, ಎಲ್ಲರ ಪರವಾಗಿ ಒಬ್ಬನ ಹೆಸರು. ಅದಕ್ಕೆ ಒಪ್ಪಿಗೆ ಕೇಳಲೇಬೇಕು, ಬೇಡ ಎನ್ನುವವರ ಮಾತೂ ಲೆಕ್ಕಕ್ಕೆ ಬರಬೇಕು. ಹೆಸರಿಡಲೇಬೇಕು ಅಂದರೆ ಮಿಸ್ಟ್ರಲ್ ಹೆಸರಿಡಿ ಎಂದೂ ಕೆಲವರು ಹೇಳಿದರು. ಕೊನೆಗೆ ನಿಲ್ದಾಣ ಹಳೆಯ ಹೆಸರಿನಲ್ಲೇ, ವಾಯುಪಡೆಯ ಅರ್ತುರೊ ಮೆರಿನೊ ಬೆನಿಟೆಸ್ ಹೆಸರಿನಲ್ಲೇ ಉಳಿಯಿತು. ಇದರಿಂದ ನೆರೂಡನ ಒಂದು ಸಾಲೂ ಅಳಿಸಿಹೋಗಲಿಲ್ಲ. ನಿಷೇಧ, ನಿಷೇಧ ಎಂದು ಕೂಗಿದವರು ಹೆಸರು ಹಲಗೆಯನ್ನೂ ಪುಸ್ತಕವನ್ನೂ ಒಂದೇ ಮಾಡಿದರು.

ರಾಜಕೀಯವೂ ಇದೆ, ಮರೆಯುವಂತಿಲ್ಲ. ನೆರೂಡ ಕಮ್ಯುನಿಸ್ಟ್. ಸ್ಟಾಲಿನ್ ಸತ್ತಾಗ ಹೊಗಳಿ ಬರೆದವನು. ಅವನ ಹೆಸರಿಗೆ ಮಸಿ ಬಳಿಯಲು ಬಲಪಂಥದವರಿಗೆ ಕೊಲಂಬೊದ ಪುಟ ಸಲೀಸಾದ ಅಸ್ತ್ರ. ಇತ್ತ ಎಡದವರಲ್ಲಿ ಹಲವರು ಅವನ ಸಾವಿನ ತನಿಖೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಈ ಪುಟ ಬಂದಾಗ ಗಡಿಯಾರ ನೋಡುತ್ತಾರೆ. ಆ ತನಿಖೆಯೂ ಸಣ್ಣದಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತ ಅಂತ ದಾಖಲೆ ಹೇಳುತ್ತದೆ. ಆಸ್ಪತ್ರೆಯಲ್ಲಿ ಏನೋ ಚುಚ್ಚಿದರು ಎಂದು ಅವನ ಡ್ರೈವರ್ 2011ರಲ್ಲಿ ಹೇಳಿದ. 2013ರಲ್ಲಿ ಶವ ಹೊರತೆಗೆದರು. ಕ್ಯಾನ್ಸರಿನಿಂದ ಸೊರಗಿ ಸತ್ತ ಎಂಬುದನ್ನು 2017ರಲ್ಲಿ ತಜ್ಞರು ಒಪ್ಪಲಿಲ್ಲ. ಸಾಯುವಾಗ ದೇಹದಲ್ಲಿ ಮಾರಕ ವಿಷ ಉಂಟುಮಾಡುವ ಬಾಟ್ಯುಲಿನಂ ಬ್ಯಾಕ್ಟೀರಿಯಾ ಇತ್ತು ಎಂದು 2023ರ ವರದಿ ಹೇಳಿತು. ಯಾರಾದರೂ ಹಾಕಿದರಾ ಎಂಬುದು ಇನ್ನೂ ಸಾಬೀತಾಗಿಲ್ಲ. ಅವನಿಗೆ ಅನ್ಯಾಯ ಆಗಿದ್ದರೆ ಅದು ಹೊರಬರಲೇಬೇಕು. ಅವನು ಮಾಡಿದ ಅನ್ಯಾಯದ ಮಾತು ಅದರಿಂದ ಮುಗಿಯುವುದಿಲ್ಲ.

ನಮ್ಮ ಕಡೆ ಕವಿಯ ಬದುಕು ಎರಡೇ ರೂಪದಲ್ಲಿ ಸಿಗುತ್ತದೆ. ಅಚ್ಚಿನಲ್ಲಿ ಅಭಿನಂದನ ಗ್ರಂಥ, ಸಮ್ಮೇಳನದ ಊಟದ ಸಾಲಿನಲ್ಲಿ ಗುಸುಗುಸು. ಒಂದರಲ್ಲಿ ಎಲ್ಲರೂ ದೇವರು, ಇನ್ನೊಂದರಲ್ಲಿ ಯಾರೂ ನೆಟ್ಟಗಿಲ್ಲ. ನಡುವೆ ದಾಖಲೆ ಹಿಡಿದು, ಹೆಸರು ಕೆಡಿಸುವ ಖುಷಿಯಿಲ್ಲದೆ ಬರೆದ ಜೀವನಚರಿತ್ರೆ ಬೆರಳೆಣಿಕೆಯಷ್ಟು. ಮನೆಯವರು ಕಾಗದಪತ್ರ ಕೊಡುವುದಿಲ್ಲ, ಕೊಟ್ಟರೂ ಅಭಿಮಾನಿಗಳು ಬಿಡುವುದಿಲ್ಲ. ಹಾಗಾಗಿ ಓದುಗರು ನೆರೂಡನಂಥವರ ಮೇಲೆ ಅಭ್ಯಾಸ ಮಾಡಬೇಕಾಗಿದೆ. ದೂರದವನು, ನಮ್ಮ ಜಾತಿಯವನಲ್ಲ, ನಮ್ಮ ಜಿಲ್ಲೆಯವನೂ ಅಲ್ಲ. ಜಗಳ ಸ್ವಲ್ಪ ತಣ್ಣಗಿರುತ್ತದೆ.

ಪಾರ್ಕಿನ ಬಳಗದಲ್ಲಿ ಮುಂದಿನ ಸಲಕ್ಕೆ 15ನೇ ಕವಿತೆ ಮತ್ತು ಕೊಲಂಬೊದ ಆ ಪುಟ, ಎರಡನ್ನೂ ಒಟ್ಟಿಗೆ ಜೆರಾಕ್ಸ್ ಮಾಡಿ ಹಂಚುವುದು ಎಂದು ತೀರ್ಮಾನವಾಗಿದೆ. ಯಾವುದನ್ನು ಮೊದಲು ಓದಬೇಕು ಎಂಬುದರ ಮೇಲೆ ಈಗ ಹೊಸ ಜಗಳ. ಹಿರಿಯರು ಕವಿತೆ ಮೊದಲು ಅನ್ನುತ್ತಾರೆ, ಕಾಲೇಜು ಹುಡುಗಿಯರು ಪುಟ ಮೊದಲು ಅನ್ನುತ್ತಾರೆ. ನಾನು ಈ ಒಂದು ವಿಷಯದಲ್ಲಿ ಹಿರಿಯರ ಕಡೆ.